ಕಟ್ಟಡ ಸಮಿತಿಯ ಮೊದಲ ಠರಾವು

(ಗೋಕಾಕದಲ್ಲಿ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಸದಿಯ ಶಿಖರದ ಮೇಲೆ ಕಲಶ ಏರಿದ ಈ ಶುಭ ದಿನದಲ್ಲಿ ಧರ್ಮತತ್ತ್ವವನ್ನು ಕುರಿತು ಮಾತನಾಡಲು ನನಗಿಂತ ಅರ್ಹರಾದವರು ಈ ವೇದಿಕೆಯ ಮೇಲೆಯೇ ಅನೇಕರಿದ್ದಾರೆ. ಸಮಿತಿಯವರು ನನಗೆ ಒಪ್ಪಿಸಿದ ವಿಷಯ ತೀರ ಲೌಕಿಕವಾದುದು. ಬಸದಿಯ ಕೆಲಸ ಮುಗಿಯಿತು. ಇನ್ನು ಸಮುದಾಯ ಭವನವನ್ನೂ ವಿದ್ಯಾರ್ಥಿ ನಿಲಯವನ್ನೂ ಕಟ್ಟಬೇಕೆಂಬ ಸಂಕಲ್ಪ ಸಮಾಜದ ಮುಂದಿದೆ. ಅಂಥ ಕಟ್ಟಡಕ್ಕೆ ಎಂಜಿನಿಯರನನ್ನು ಆರಿಸುವುದು ಹೇಗೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿರೆಂದು ಅವರು ಕೇಳಿದ್ದಾರೆ. ನಾನು ಎಂಜಿನಿಯರನಲ್ಲ, ನಿವೃತ್ತ ಶಾಲಾ ಶಿಕ್ಷಕ. ಮೂರು ಕಟ್ಟಡ ಸಮಿತಿಗಳಲ್ಲಿ ಕಾರ್ಯದರ್ಶಿಯಾಗಿ ದುಡಿದಿದ್ದೇನೆ. ಅವುಗಳಲ್ಲಿ ಒಂದರಲ್ಲಿ ನಾನು ಮಾಡಿದ ತಪ್ಪೇ ಈ ವಿಷಯದಲ್ಲಿ ನನಗಿರುವ ಅರ್ಹತೆ. ಆದುದರಿಂದ ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ನಮ್ಮ ಭಾಗದ ಒಂದು ಊರಿನಲ್ಲಿ ಸಮಾಜದ ವತಿಯಿಂದ ಮಂಗಲ ಕಾರ್ಯಾಲಯ ಕಟ್ಟುವುದೆಂದಾಯಿತು. ಊರ ಹೊರಗೆ ಎರೆಭೂಮಿಯಲ್ಲಿ ಒಬ್ಬ ಪುಣ್ಯಾತ್ಮರು ಜಾಗ ಕೊಟ್ಟರು. ಗುತ್ತಿಗೆದಾರರು ನಮಗೆ ಪರಿಚಿತರೇ. ಊರಲ್ಲಿ ಹತ್ತಾರು ಮನೆಗಳನ್ನು ಕಟ್ಟಿದವರು. "ಎಂಜಿನಿಯರನ ನಕ್ಷೆ, ಸಹಿ ಎಲ್ಲವನ್ನೂ ನಾನೇ ತರಿಸುತ್ತೇನೆ, ಅದಕ್ಕೆ ಬೇರೆ ಖರ್ಚು ಏಕೆ?" ಎಂದು ಅವರು ಅಂದಾಗ ನಮಗೆಲ್ಲರಿಗೂ ಅದು ಸರಿಯೆನಿಸಿತು. ಪೈಸೆ ಪೈಸೆ ಕೂಡಿಸಿದ ದಾನದ ಹಣ; ಅದನ್ನು ಉಳಿಸುವುದೇ ಧರ್ಮವೆಂದು ಬಗೆದೆವು. ಪ್ರತ್ಯೇಕ ಎಂಜಿನಿಯರನ ಅವಶ್ಯಕತೆ ಇಲ್ಲವೆಂದು ಠರಾವು ಬರೆದವನು ನಾನೇ. ಆ ಪುಸ್ತಕದಲ್ಲಿ ನನ್ನ ಸಹಿ ಇಂದಿಗೂ ಇದೆ. ನಕ್ಷೆಯ ಮೇಲೆ ಸಹಿ ಮಾಡಿದ ಎಂಜಿನಿಯರರನ್ನು ಕೆಲಸ ಮುಗಿಯುವವರೆಗೂ ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ಅವರೂ ನಮ್ಮ ಜಾಗವನ್ನು ನೋಡಲಿಲ್ಲ.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಎರಡನೆಯ ಮಳೆಗಾಲದ ನಂತರ ಕದಗಳು ಮುಚ್ಚದಾದವು; ಬಡಿಗನನ್ನು ಕರೆಸಿ ಕೆತ್ತಿಸಿದೆವು. ಮೂರನೆಯ ಬೇಸಿಗೆಯಲ್ಲಿ ಕಿಟಕಿಯ ಮೂಲೆಯಿಂದ ತೊಲೆಯವರೆಗೆ ಗೋಡೆ ಸೀಳಿತು. ಗವಂಡಿಯನ್ನು ಕರೆಸಿ ಸಿಮೆಂಟು ತುಂಬಿಸಿ ಬಣ್ಣ ಹಚ್ಚಿಸಿದೆವು. ಆ ವರ್ಷವೇ ಒಂದು ಮದುವೆಯ ಹಿಂದಿನ ರಾತ್ರಿ, ಬೀಗರೆಲ್ಲ ಮಲಗಿದ ಹೊತ್ತಿನಲ್ಲಿ, ಬಾಗಿಲ ಮೇಲಿನ ಗಿಲಾವು ಇಟ್ಟಿಗೆಯ ಸಮೇತ ಕಳಚಿ ಬಿದ್ದಿತು. ಅದು ಬಿದ್ದ ಸ್ಥಳಕ್ಕೂ ತಾಯಿಯ ಮಗ್ಗುಲಲ್ಲಿ ಮಲಗಿದ್ದ ಒಂದು ಕೂಸಿಗೂ ಒಂದು ಮೊಳದ ಅಂತರ. ನಡುರಾತ್ರಿ ಎಲ್ಲರನ್ನೂ ಎಬ್ಬಿಸಿ ಶಾಲೆಯ ಅಂಗಳಕ್ಕೆ ಕರೆದೊಯ್ದೆವು. ಮರುದಿನ ಅಕ್ಷತೆ ಅಲ್ಲಿಯೇ ಬಿದ್ದಿತು. ಕೂಸಿಗೆ ಏನೂ ಆಗಲಿಲ್ಲ. ಅದು ಆ ಕೂಸಿನ ಪುಣ್ಯ. ನಮ್ಮ ಜಾಣತನದ ಪಾಲು ಅದರಲ್ಲಿ ಏನೂ ಇರಲಿಲ್ಲ.

ಆಮೇಲೆ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರನ್ನು ಕರೆಸಿದೆವು. ಅವರು ಗೋಡೆಯ ಕಡೆಗೆ ಹೆಚ್ಚು ನೋಡಲೇ ಇಲ್ಲ. ಗೋಡೆಯ ಪಕ್ಕದಲ್ಲಿ ಗುಂಡಿ ತೋಡಿಸಿ, ಮಣ್ಣನ್ನು ಕೈಯಲ್ಲಿ ಹಿಡಿದು, "ಪಾಯಾ ಎಷ್ಟು ಆಳ?" ಎಂದರು. ನಾಲ್ಕು ಅಡಿ ಎಂದೆವು. "ಇದನ್ನು ಯಾರು ನಿಶ್ಚಯಿಸಿದರು?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಉಳಿಸಿದ ಶುಲ್ಕದ ಹತ್ತಾರು ಪಟ್ಟು ಹಣ ದುರಸ್ತಿಗೆ ಹೋಯಿತು.

ಬಂಧುಗಳೆ, ನಾನು ಇಂದು ಹೇಳಬೇಕಾದುದು ಇಷ್ಟೇ: ಕಟ್ಟಡದ ಭಾರವನ್ನು ಲೆಕ್ಕ ಹಾಕುವವನನ್ನು ಸಮಿತಿಯೇ ಆರಿಸಬೇಕು, ಸಮಿತಿಯೇ ಅವನಿಗೆ ಹಣ ಕೊಡಬೇಕು, ಅವನು ಸಮಿತಿಗೇ ಉತ್ತರ ಹೇಳಬೇಕು. ಸಿಮೆಂಟು, ಕಬ್ಬಿಣ, ಕಲ್ಲು ಕೊಳ್ಳುವ ಮಾತು ಅದಾದ ಮೇಲೆ.

ಕಲ್ಲಿನ ಕಾಲವೂ ಕಾಂಕ್ರೀಟಿನ ಕಾಲವೂ

"ನಮ್ಮ ಹಿರಿಯರು ಎಂಜಿನಿಯರರನ್ನು ಇಟ್ಟುಕೊಂಡು ಬಸದಿ ಕಟ್ಟಿಸಿದರೇ?" ಎಂದು ಕೆಲವರು ಕೇಳುತ್ತಾರೆ. ಉಚಿತವಾದ ಪ್ರಶ್ನೆ. ಬೆಳಗಾವಿ ಕೋಟೆಯಲ್ಲಿರುವ ಕಮಲ ಬಸದಿಯನ್ನು ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಇಲ್ಲಿಗೆ ಸಮೀಪದ, ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕಲ್ಲೋಳಿಯ ಶಾಸನವೂ ಅದೇ ಅರಸನ ಕಾಲದ್ದು. ಅಲ್ಲಿಯ ಶಾಂತಿನಾಥ ಬಸದಿಗೆ ಕೊಟ್ಟ ದಾನವನ್ನು ಅದು ಹೇಳುತ್ತದೆ. ಐಹೊಳೆಯ ಮೇಗುತಿ ಬಸದಿಯನ್ನು ರವಿಕೀರ್ತಿ ಕಟ್ಟಿಸಿದ್ದು 634ರಲ್ಲಿ. ಕಮಲ ಬಸದಿಯ ಮಂಟಪದಲ್ಲಿ ನಿಂತು ಮೇಲೆ ನೋಡಿದರೆ ಕಲ್ಲಿನ ಕಮಲವೊಂದು ಎಂಟುನೂರು ವರ್ಷಗಳಿಂದ ತಲೆಕೆಳಗಾಗಿ ಅರಳಿ ನಿಂತಿದೆ.

ಇವು ನಿಂತದ್ದು ಹೇಗೆ? ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎರಡು ಕಂಬಗಳ ನಡುವೆ ಕಲ್ಲಿನ ತೊಲೆ ಇಟ್ಟರೆ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಎಳೆತ ಮೀರಿದರೆ ಕಲ್ಲು ಮುರಿಯುತ್ತದೆ. ಹಳೆಯ ಶಿಲ್ಪಿಗಳು ಇದನ್ನು ತಲೆಮಾರುಗಳ ಅನುಭವದಿಂದ ಅರಿತಿದ್ದರು. ಅದಕ್ಕೆಂದೇ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು, ಅಂಕಣಗಳನ್ನು ಚಿಕ್ಕದಾಗಿಟ್ಟರು, ಛಾವಣಿ ಅಗಲವಾಗಬೇಕಾದಲ್ಲಿ ಕಲ್ಲಿನ ವರಸೆಗಳನ್ನು ಒಂದರ ಮೇಲೊಂದು ಮುಂಚಾಚಿ ಕಿರಿದುಗೊಳಿಸುತ್ತ ಹೋದರು. ಆ ಸ್ಥಪತಿಯೇ ಅಂದಿನ ಎಂಜಿನಿಯರ. ಕಲ್ಲಿನ ಕಟ್ಟಡದ ಇನ್ನೊಂದು ಗುಣವೆಂದರೆ ಅದರ ದೋಷ ಬಹುಮಟ್ಟಿಗೆ ಹೊರಗೇ ಕಾಣುತ್ತದೆ. ಬಿರಿದ ತೊಲೆಯನ್ನು ಊರೆಲ್ಲ ನೋಡಬಹುದು.

ಇಂದು ನಾವು ಕೇಳುವುದು ಬೇರೆ. ಸಾವಿರ ಜನ ಕೂತು ಉಣ್ಣುವ, ನಡುವೆ ಒಂದೂ ಕಂಬವಿಲ್ಲದ ಸಭಾಂಗಣ ಬೇಕು. ಅದರ ಮೇಲೆ ಮತ್ತೊಂದು ಮಾಳಿಗೆ ಬೇಕು. ಇದು ಕಾಂಕ್ರೀಟಿನಿಂದ ಸಾಧ್ಯವಾದುದು ಅದರೊಳಗೆ ಎಳೆತವನ್ನು ಹೊರುವ ಉಕ್ಕಿನ ಸಳಿಗಳನ್ನು ಹುದುಗಿಸುವುದರಿಂದ. ಆ ಸಳಿ ಎಷ್ಟು ದಪ್ಪ, ಎಷ್ಟು ಸಂಖ್ಯೆ, ಮೇಲೋ ಕೆಳಗೋ, ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ಬಾಗಬೇಕು ಎಂಬುದರ ಮೇಲೆಯೇ ಕಟ್ಟಡದ ಪ್ರಾಣ ನಿಂತಿದೆ. ಆದರೆ ಕಾಂಕ್ರೀಟು ಸುರಿದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಗಿಲಾವು, ಬಣ್ಣ, ಅಮೃತಶಿಲೆಯ ಹಾಸು ಎಲ್ಲವೂ ಸುಂದರವಾಗಿ ಕಾಣುತ್ತಿರುವಾಗಲೇ ಒಳಗೆ ದೋಷ ಕೂತಿರಬಹುದು. ಕಣ್ಣಿಗೆ ಕಾಣದ ಈ ಭಾಗವನ್ನು ಲೆಕ್ಕ ಹಾಕಿ ಹೇಳುವವನೇ ಸ್ಟ್ರಕ್ಚರಲ್ ಎಂಜಿನಿಯರ. ನಕ್ಷೆಯ ಅಂದ, ಗಾಳಿ ಬೆಳಕು, ಕೋಣೆಗಳ ಹೊಂದಾಣಿಕೆ ಆರ್ಕಿಟೆಕ್ಟನ ಕೆಲಸ. ಆಯ, ಪ್ರಮಾಣ, ಶಿಖರದ ಲಕ್ಷಣ ಸ್ಥಪತಿಯ ಕೆಲಸ. ಕಟ್ಟಿಕೊಡುವುದು ಗುತ್ತಿಗೆದಾರನ ಕೆಲಸ. ಕಟ್ಟಿದ್ದು ನಿಲ್ಲುವಂತೆ ಮಾಡುವುದು ಇವನ ಕೆಲಸ. ಈ ನಾಲ್ವರಲ್ಲಿ ಒಬ್ಬರ ಕೆಲಸವನ್ನು ಮತ್ತೊಬ್ಬರ ಹೆಗಲಿಗೆ ಹಾಕಿದಾಗ ಅನಾಹುತ ಹುಟ್ಟುತ್ತದೆ.

ಅನಾಹುತಗಳು ದೂರದಲ್ಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ನಮ್ಮ ನೆರೆಯ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ನೆಲಕ್ಕುರುಳಿ 19 ಮಂದಿ ಪ್ರಾಣ ಕಳೆದುಕೊಂಡರು. ಆ ದಿನ ಬೆಳಿಗ್ಗೆ ಮನೆಯಿಂದ ಹೊರಟವರಲ್ಲಿ ಯಾರಿಗೂ ಆ ಕಟ್ಟಡದ ಕಂಬಗಳೊಳಗೆ ಏನಿದೆಯೆಂದು ತಿಳಿದಿರಲಿಲ್ಲ.

ಮೊದಲು ಮಣ್ಣನ್ನು ಕೇಳುವವನು

ಹಾಗಾದರೆ ಯೋಗ್ಯನಾದ ಎಂಜಿನಿಯರನನ್ನು ಗುರುತಿಸುವುದು ಹೇಗೆ? ನನ್ನ ಮೊದಲ ಪರೀಕ್ಷೆ ಬಹಳ ಸರಳ. ನೀವು ಅವನ ಮುಂದೆ ಕುಳಿತು "ಇಷ್ಟು ಉದ್ದ, ಇಷ್ಟು ಅಗಲದ ಭವನ ಬೇಕು, ಖರ್ಚು ಎಷ್ಟಾದೀತು?" ಎಂದು ಕೇಳಿರಿ. ತಕ್ಷಣ ಅಂಕಿ ಹೇಳುವವನನ್ನು ನಮಸ್ಕರಿಸಿ ಕಳಿಸಿರಿ. "ಜಾಗ ಎಲ್ಲಿದೆ? ಮಣ್ಣು ಯಾವುದು? ನೋಡದೆ ಹೇಳಲಾರೆ" ಎನ್ನುವವನೊಡನೆ ಮಾತು ಮುಂದುವರಿಸಿರಿ.

ನಮ್ಮ ಮೂರು ತಾಲೂಕುಗಳಲ್ಲಿ ಈ ಪ್ರಶ್ನೆಗೆ ಇರುವ ಮಹತ್ವ ತಮಗೆಲ್ಲ ಅನುಭವದಿಂದ ಗೊತ್ತು. ಗೋಕಾಕದ ಬೆಟ್ಟದ ಬುಡದಲ್ಲಿ ಎರಡು ಮೂರು ಅಡಿಗೆ ಗಟ್ಟಿ ಕಲ್ಲು ಸಿಕ್ಕಬಹುದು. ಅದೇ ಊರಲ್ಲಿ ಹೊಳೆಯ ಕಡೆಗೆ ಬಂದರೆ ತುಂಬಿದ ಮಣ್ಣು. ಮೂಡಲಗಿಯ ಬಯಲಿನಲ್ಲಿ ಕಾಲಿಟ್ಟಲ್ಲೆಲ್ಲ ಎರೆ. ಹುಕ್ಕೇರಿಯ ಕಡೆ ಒಂದೇ ಸರ್ವೆ ನಂಬರಿನಲ್ಲಿ ಒಂದು ಮೂಲೆಗೆ ಗರಸು, ಇನ್ನೊಂದು ಮೂಲೆಗೆ ಎರೆ. ಎರೆಯ ಸ್ವಭಾವವನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ: ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಹೊಲದಲ್ಲಿ ಅದು ವರ. ಗೋಡೆಯ ಕೆಳಗೆ ಶಾಪ. ಈ ಉಬ್ಬು-ಕುಗ್ಗು ಸುಮಾರು 3.5 ಮೀಟರ್ ಆಳದವರೆಗೂ ನಡೆಯಬಹುದೆಂದು ತಜ್ಞರು ಹೇಳುತ್ತಾರೆ. ಅಂಥಲ್ಲಿ ನಾಲ್ಕು ಅಡಿ ಪಾಯಾ ತೆಗೆದು ಗೋಡೆ ಏರಿಸಿದರೆ, ವರ್ಷಕ್ಕೊಮ್ಮೆ ಉಸಿರಾಡುವ ಪ್ರಾಣಿಯ ಬೆನ್ನ ಮೇಲೆ ಮನೆ ಕಟ್ಟಿದಂತೆ. ಇದಕ್ಕೆ ಉಪಾಯಗಳಿವೆ. ಎರೆ ತೆಳುವಾಗಿದ್ದರೆ ಪೂರ್ತಿ ತೆಗೆದು ಗರಸು ತುಂಬಿ ಹದವಾಗಿ ದಮ್ಮಸು ಮಾಡುವುದು. ಆಳವಾಗಿದ್ದರೆ ಬುಡದಲ್ಲಿ ಗಂಟೆಯಂತೆ ಅಗಲವಾಗುವ ಕಾಂಕ್ರೀಟಿನ ಕಂಬಗಳನ್ನು ನೆಲದೊಳಗೆ ಇಳಿಸುವುದು. ಈ ಎರಡನೆಯ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ಎರೆನಾಡಿಗೆಂದೇ ರೂಢಿಗೆ ತಂದಿತು. ಯಾವುದು ನಮಗೆ ತಕ್ಕುದೆಂದು ಹೇಳಲು ಗುಂಡಿ ತೋಡಿ, ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿ, ವರದಿ ತರಿಸಬೇಕು. ಆ ವರದಿಯ ಖರ್ಚು ಒಟ್ಟು ಖರ್ಚಿನ ಮುಂದೆ ಅತ್ಯಲ್ಪ.

ಮಣ್ಣಿನ ನಂತರ ನೀರು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಈ ಊರಿನ ಎಷ್ಟು ಓಣಿಗಳಿಗೆ ನುಗ್ಗಿದುವೆಂಬುದನ್ನು ತಾವು ಕಣ್ಣಾರೆ ಕಂಡಿದ್ದೀರಿ. ಅದೇ ವರ್ಷದ ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಬೆಟ್ಟದ ಬಂಡೆಗಳು ಜಾರುವ ಭೀತಿಯಿಂದ ಬುಡದ ಜನ ನಿದ್ರೆಗೆಟ್ಟದ್ದೂ ನೆನಪಿದೆ. ಜಾಗ ನೋಡಲು ಬಂದ ಎಂಜಿನಿಯರ "ಮಹಾಪೂರದ ನೀರು ಎಲ್ಲಿಯವರೆಗೆ ಬಂದಿತ್ತು? ಗೋಡೆಯ ಮೇಲೆ ಗುರುತು ಇದೆಯೇ?" ಎಂದು ಕೇಳಿದನೆ? ಕೇಳಿದರೆ ಅವನು ಕೆಲಸ ಬಲ್ಲವನು.

ಮೂರನೆಯದು ಭೂಮಿಯ ಕಂಪನ. "ನಮ್ಮಲ್ಲಿ ಭೂಕಂಪವೆಲ್ಲಿ?" ಎಂದು ನಗಬೇಡಿರಿ. 1967ರ ಡಿಸೆಂಬರಿನಲ್ಲಿ ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಲಾತೂರ ಜಿಲ್ಲೆಯ ಕಿಲ್ಲಾರಿ, ಇವೆರಡೂ ನಮ್ಮ ಗಡಿಯಾಚೆಯ ನೆರೆಯವೇ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಮನೆಗಳು ಬಿದ್ದವು. ಅವುಗಳಲ್ಲಿ ಹಲವು ಕೆಳಗೆ ವಾಹನ ನಿಲ್ಲಿಸಲೆಂದು ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ನಿಂತವು. ಭಾರತೀಯ ಮಾನಕ ಸಂಸ್ಥೆಯ 2016ರ ಭೂಕಂಪ ಸಂಹಿತೆ ಬೆಳಗಾವಿಯನ್ನು ಮೂರನೆಯ ವಲಯದಲ್ಲಿ ಸೇರಿಸಿತ್ತು. ಆ ಲೆಕ್ಕವನ್ನು ಹಿಡಿದಿದ್ದೀರಾ ಎಂದು ಸಮಿತಿ ಒಂದು ಮಾತು ಕೇಳಿದರೆ ತಪ್ಪಲ್ಲ.

ಮನೆ ಬೇರೆ, ಮಂಗಲ ಕಾರ್ಯಾಲಯ ಬೇರೆ

"ಇವರು ನಮ್ಮ ಊರಲ್ಲಿ ನೂರು ಮನೆಗಳಿಗೆ ನಕ್ಷೆ ಮಾಡಿದ್ದಾರೆ" ಎಂಬುದು ನಾವು ಸಾಮಾನ್ಯವಾಗಿ ಕೇಳುವ ಶಿಫಾರಸು. ಮನೆಯ ಅನುಭವ ಭವನಕ್ಕೆ ಸಾಲದು. ನಮ್ಮ ದೇಶದ ಮಾನಕದ ಪ್ರಕಾರ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹೊರುವಂತಿದ್ದರೆ ಸಾಕು. ಸ್ಥಿರವಾದ ಆಸನಗಳಿಲ್ಲದ ಸಭಾಂಗಣಕ್ಕೆ ಸುಮಾರು 500 ಕಿಲೋ ಹಿಡಿಯಬೇಕು. ಅಂದರೆ ಎರಡೂವರೆ ಪಟ್ಟು. ಏಕೆಂದರೆ ಮನೆಯಲ್ಲಿ ನಾಲ್ಕು ಜನ ಓಡಾಡುತ್ತಾರೆ. ಅಕ್ಷತೆಯ ವೇಳೆಗೆ ಭವನದಲ್ಲಿ ಇಡೀ ಊರು ಒಂದೇ ಕಡೆ ಒತ್ತಿಕೊಂಡು ನಿಲ್ಲುತ್ತದೆ. ಬಸದಿಯ ಲೆಕ್ಕ ಇನ್ನೂ ಬೇರೆ. ಶಿಲೆಯ ಶಿಖರ, ವೇದಿಕೆಯ ಮೇಲಿನ ಬಿಂಬ, ಇವುಗಳ ಭಾರ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಮಾನಸ್ತಂಭವು ಎತ್ತರವಾದಷ್ಟೂ ಗಾಳಿಯ ತಳ್ಳುವಿಕೆ, ಸಿಡಿಲು ಎರಡನ್ನೂ ಎಣಿಸಬೇಕು. ಆದುದರಿಂದ ಅಂಥದೇ ಕೆಲಸ ಮಾಡಿದವನನ್ನು ಹುಡುಕಬೇಕು. ಹುಡುಕಿದ ಮೇಲೆ ಚಿತ್ರಗಳನ್ನು ನೋಡಿ ತೃಪ್ತರಾಗದೆ, ಸಮಿತಿಯ ಇಬ್ಬರು ಹೋಗಿ ಆ ಕಟ್ಟಡವನ್ನು ನೋಡಿ ಬರಬೇಕು. ಹೊಸದನ್ನು ನೋಡಿದರೆ ಏನೂ ತಿಳಿಯದು. ಐದು ಮಳೆಗಾಲ ಕಂಡದ್ದನ್ನು ನೋಡಬೇಕು. ಅಲ್ಲಿಯ ಟ್ರಸ್ಟಿಗಳನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಸ್ಲ್ಯಾಬಿನ ಕಾಂಕ್ರೀಟು ಹಾಕುವ ಮುನ್ನ ಎಂಜಿನಿಯರರು ತಾವೇ ಬಂದಿದ್ದರೇ?"

ಕಠಿಣವಾದುದನ್ನು ವಿಶ್ವಾಸದಿಂದ ಸಾಧಿಸಿದ ಉದಾಹರಣೆಯೂ ನಮ್ಮ ನಾಡಿನಲ್ಲಿದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿ ಮೂರ್ತಿಯನ್ನು ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದದ್ದು ಕಾರ್ಕಳದಲ್ಲಿ. ಆ ಏಕಶಿಲೆಯನ್ನು ಘಟ್ಟದ ಬುಡದ ಹಾದಿಯಲ್ಲಿ ಧರ್ಮಸ್ಥಳಕ್ಕೆ ಸಾಗಿಸಿ, ಗುಡ್ಡದ ಮೇಲೆ ನಿಲ್ಲಿಸಿ, 1982ರಲ್ಲಿ ಪ್ರತಿಷ್ಠೆ ಮಾಡಲಾಯಿತು. ಶಿಲ್ಪಿಯ ಉಳಿ ಎಷ್ಟು ಪವಿತ್ರವೋ ಅದನ್ನು ಸಾಗಿಸಿ ನಿಲ್ಲಿಸಿದವರ ಲೆಕ್ಕವೂ ಅಷ್ಟೇ ಪವಿತ್ರವೆಂದು ನಾನು ತಿಳಿಯುತ್ತೇನೆ.

ಶುಲ್ಕದ ಮಾತು

ಈಗ ನಮ್ಮ ಸಮಾಜಕ್ಕೆ ತುಸು ಕಹಿಯೆನಿಸುವ ಮಾತಿಗೆ ಬರುತ್ತೇನೆ. ಕಲಶದ ಸವಾಲಿನಲ್ಲಿ ಲಕ್ಷಗಳನ್ನು ಸಂತೋಷದಿಂದ ಕೂಗುವ ನಾವು ಎಂಜಿನಿಯರನ ಶುಲ್ಕದಲ್ಲಿ ಸಾವಿರಕ್ಕೆ ಚೌಕಾಶಿ ಮಾಡುತ್ತೇವೆ. ಸಿಮೆಂಟಿಗೆ ದರಪತ್ರ ತರಿಸಿದಂತೆ ಎಂಜಿನಿಯರನಿಗೂ ದರಪತ್ರ ತರಿಸಿ, ಎಲ್ಲಕ್ಕಿಂತ ಕಡಿಮೆ ಬರೆದವನನ್ನು ಆರಿಸುತ್ತೇವೆ. ಕಡಿಮೆ ಬರೆದವನು ಆ ಕಡಿಮೆಯನ್ನು ಎಲ್ಲಿಯೋ ತುಂಬಿಕೊಳ್ಳಬೇಕು. ಮಣ್ಣಿನ ಪರೀಕ್ಷೆ ಬಿಡುತ್ತಾನೆ, ಜಾಗಕ್ಕೆ ಬರುವುದನ್ನು ಬಿಡುತ್ತಾನೆ, ಹಿಂದೆ ಎಲ್ಲಿಗೋ ಮಾಡಿದ ನಕ್ಷೆಯ ಹೆಸರು ಬದಲಿಸಿ ಕೊಡುತ್ತಾನೆ. ಈಗ ಗಣಕಯಂತ್ರದಲ್ಲಿ ಒಂದು ತಾಸಿನಲ್ಲಿ ನಕ್ಷೆ ಹೊರಬರುತ್ತದೆ. ಯಂತ್ರ ಲೆಕ್ಕ ಹಾಕುತ್ತದೆ. ಯಾವ ಭಾರವನ್ನು ಲೆಕ್ಕಕ್ಕೆ ಕೊಡಬೇಕೆಂದು ಯೋಚಿಸುವವನು ಮನುಷ್ಯ. ನಾವು ಹಣ ಕೊಡುವುದು ಆ ಯೋಚನೆಗೆ.

ಇನ್ನೊಂದು ಸಂದರ್ಭವಿದೆ. ನಮ್ಮ ಸಮಾಜದ ಒಬ್ಬ ತರುಣ ಎಂಜಿನಿಯರಿಂಗ್ ಮುಗಿಸಿರುತ್ತಾನೆ. "ಧರ್ಮಕಾರ್ಯ, ನಾನು ಉಚಿತವಾಗಿ ಮಾಡಿಕೊಡುತ್ತೇನೆ" ಎನ್ನುತ್ತಾನೆ. ಅವನ ಭಾವನೆ ಶುದ್ಧವಾದುದು, ಅದಕ್ಕೆ ಕೈಮುಗಿಯೋಣ. ಆದರೆ ಉಚಿತವಾಗಿ ಮಾಡುವವನನ್ನು "ನಿನ್ನೆ ಏಕೆ ಬರಲಿಲ್ಲ?" ಎಂದು ಕೇಳುವ ಧೈರ್ಯ ಯಾವ ಅಧ್ಯಕ್ಷರಿಗೂ ಇರುವುದಿಲ್ಲ. ಅವನಿಗೂ ಹಿರಿಯರ ಮುಂದೆ "ಕಾಕಾ, ಈ ಕಂಬ ತೆಗೆಯಲಾಗದು" ಎನ್ನುವ ಧೈರ್ಯ ಇರುವುದಿಲ್ಲ. ಆದುದರಿಂದ ಅವನಿಗೂ ಕರಾರು ಬರೆದುಕೊಟ್ಟು ಪೂರ್ಣ ಶುಲ್ಕ ಕೊಡೋಣ. ಅವನು ಇಚ್ಛಿಸಿದರೆ ಅದನ್ನೇ ದಾನವೆಂದು ಬರೆಸಿ ರಸೀದಿ ಪಡೆಯಲಿ. ಅನುಭವ ಸಾಲದಿದ್ದರೆ ಹಿರಿಯ ಎಂಜಿನಿಯರರೊಬ್ಬರ ಕೈಕೆಳಗೆ ಕೆಲಸ ಮಾಡಲಿ. ಮುಂದಿನ ಬಸದಿಗೆ ಅವನೇ ಹಿರಿಯನಾಗುತ್ತಾನೆ.

ಗುತ್ತಿಗೆದಾರನ ಮೂಲಕ ಎಂಜಿನಿಯರನನ್ನು ಎಂದೂ ಪಡೆಯಬೇಡಿರಿ. ಗುತ್ತಿಗೆದಾರ ಪ್ರಾಮಾಣಿಕನೇ ಇರಬಹುದು. ನಾನು ಹೇಳಿದ ಗೃಹಸ್ಥರೂ ದುಷ್ಟರಾಗಿರಲಿಲ್ಲ. ಆದರೆ ಕೆಲಸವನ್ನು ತಪ್ಪೆಂದು ಹೇಳಬೇಕಾದವನ ಅನ್ನ ಕೆಲಸ ಮಾಡುವವನ ಕೈಯಲ್ಲಿದ್ದರೆ ತಪ್ಪು ಹೊರಬೀಳುವುದಿಲ್ಲ.

ಕಾನೂನಿನ ಆಸರೆಯೂ ಇಲ್ಲಿ ಅಷ್ಟಕ್ಕಷ್ಟೇ. ಆರ್ಕಿಟೆಕ್ಟರಿಗೆ 1972ರ ಕಾಯ್ದೆಯಿದೆ. ಪರಿಷತ್ತಿನಲ್ಲಿ ನೋಂದಣಿಯಾಗದವನು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಎಂಜಿನಿಯರರಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆ ಇಲ್ಲದುದರಿಂದ ಫಲಕ ನೋಡಿ ನಂಬುವಂತಿಲ್ಲ. ನಾವೇ ವಿಚಾರಿಸಬೇಕು: ಪದವಿ ಯಾವುದು, ಸ್ಟ್ರಕ್ಚರಲ್ ಎಂಜಿನಿಯರಿಂಗಿನಲ್ಲಿ ವಿಶೇಷ ವ್ಯಾಸಂಗವಿದೆಯೆ, ಸ್ಥಳೀಯ ಸಂಸ್ಥೆಯ ಪರವಾನಿಗೆ ಇದೆಯೆ, ಯಾರ ಕೈಕೆಳಗೆ ಪಳಗಿದ್ದಾನೆ. ಕಟ್ಟಡ ದೊಡ್ಡದಾದರೆ ಅವನ ಲೆಕ್ಕವನ್ನು ಇನ್ನೊಬ್ಬರಿಂದ ಪರಿಶೀಲಿಸಬೇಕು. ಬೆಳಗಾವಿ, ಹುಬ್ಬಳ್ಳಿ, ಸಾಂಗಲಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ಪ್ರಾಧ್ಯಾಪಕರನ್ನು ಕೇಳಿಕೊಳ್ಳಬಹುದು. ಯೋಗ್ಯನಾದ ಎಂಜಿನಿಯರ ಇದರಿಂದ ಸಿಟ್ಟಾಗುವುದಿಲ್ಲ.

ಕರಾರಿನಲ್ಲಿ ಬರೆಯಬೇಕಾದುದು

ಆರಿಸಿದ ಮೇಲೆ ಬಾಯಿಮಾತು ಸಾಲದು. ಯಾವ ಯಾವ ಹಂತದಲ್ಲಿ ಅವನು ಖುದ್ದಾಗಿ ಬರಬೇಕೆಂದು ಬರೆಯಿರಿ. ಪಾಯಾ ತೋಡಿದಾಗ ಬಂದು, ವರದಿಯಲ್ಲಿ ಹೇಳಿದ ಮಣ್ಣೇ ಸಿಕ್ಕಿದೆಯೇ ಎಂದು ನೋಡಬೇಕು. ಕಾಲಮ್ಮಿನ ಸಳಿ ನಿಲ್ಲಿಸಿದಾಗ, ಪ್ರತಿ ಸ್ಲ್ಯಾಬಿನ ಸಳಿ ಕಟ್ಟಿದಾಗ ಬರಬೇಕು. ಅವನ ಲಿಖಿತ ಅನುಮತಿ ಇಲ್ಲದೆ ಕಾಂಕ್ರೀಟು ಸುರಿಯಕೂಡದು. ಪ್ರತಿ ಸಲದ ಕಾಂಕ್ರೀಟಿನಿಂದ 15 ಸೆಂಟಿಮೀಟರಿನ ಘನಗಳನ್ನು ಎರಕ ಹೊಯ್ದು, 28ನೆಯ ದಿನ ಪ್ರಯೋಗಾಲಯದಲ್ಲಿ ಒತ್ತಿ ನೋಡಿದ ವರದಿ ಸಮಿತಿಯ ಕೈಸೇರಬೇಕು. ಖಡಿ, ಉಸುಕು, ಸಿಮೆಂಟು ಸರಿಯಿದ್ದರೂ ಕೆಲಸ ಹಗುರಾಗಲೆಂದು ಕೂಲಿಯವರು ಎರಡು ಕೊಡ ನೀರು ಹೆಚ್ಚು ಸುರಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಅದನ್ನು ಹೇಳುವುದು ಆ ಘನವೇ.

ಮುಂದೆ ಮಾಳಿಗೆ ಏರಿಸುವ ವಿಚಾರವಿದ್ದರೆ ಇಂದೇ ಹೇಳಿರಿ. ಎರಡಂತಸ್ತಿನ ಲೆಕ್ಕದ ಕಂಬದ ಮೇಲೆ ದಾನಿಗಳು ಸಿಕ್ಕರೆಂದು ಮೂರನೆಯದನ್ನು ಏರಿಸುವುದು ಅಕ್ಷಮ್ಯ. "ಸಳಿ ಹೆಚ್ಚು ಹಾಕಿದರೆ ಗಟ್ಟಿಯಲ್ಲವೆ?" ಎಂಬ ನಂಬಿಕೆಯನ್ನೂ ಬಿಡಿರಿ. ತೊಲೆಯಲ್ಲಿ ಸಳಿ ಮಿತಿಮೀರಿದರೆ ಅದು ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತದೆ. ಹದವಾಗಿದ್ದರೆ ಮೊದಲು ಬಾಗಿ, ಬಿರಿದು, ಜನರಿಗೆ ಓಡಲು ವೇಳೆ ಕೊಡುತ್ತದೆ. ಹದವೆಷ್ಟೆಂಬುದೇ ಎಂಜಿನಿಯರನ ವಿದ್ಯೆ.

ಹಳೆಯದನ್ನು ದುರಸ್ತಿ ಮಾಡುವಾಗಲೂ ಇದೇ ನಿಯಮ. ನಮ್ಮ ಗೋಕಾಕ ಜಲಪಾತದ ತೂಗುಸೇತುವೆಯನ್ನು ನೋಡದೆ ಬೆಳೆದ ಮಕ್ಕಳಿಲ್ಲ. ಗುಜರಾತದ ಮೋರ್ಬಿಯಲ್ಲೂ ಅಂಥದೊಂದು ಹಳೆಯ ತೂಗುಸೇತುವೆ ಇತ್ತು. ದುರಸ್ತಿಯಾಗಿ ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಅದು ಹರಿದು ಬಿದ್ದು 135 ಜನ ಸತ್ತರು. ಕಾಲ್ಹಾಸು ಹೊಸದಾಗಿತ್ತು, ಭಾರ ಹೊರುವ ಹಗ್ಗ ಹಳೆಯದೇ ಇತ್ತು. 49 ತಂತಿಗಳ ಒಂದು ಹಗ್ಗದಲ್ಲಿ 22 ತಂತಿಗಳು ಮೊದಲೇ ತುಕ್ಕು ಹಿಡಿದಿದ್ದವೆಂದು ತನಿಖಾ ತಂಡ ಕಂಡುಕೊಂಡಿತು. ಮೇಲಿನ ಹೊಳಪನ್ನು ನೋಡಿ ಒಳಗಿನದನ್ನು ಮರೆತುದರ ಫಲ ಅದು.

ತಾತ್ಕಾಲಿಕ ರಚನೆಗಳನ್ನೂ ಮರೆಯಬಾರದು. 2025ರ ಜನವರಿ 28ರಂದು ಉತ್ತರ ಪ್ರದೇಶದ ಬಾಗಪತ ಜಿಲ್ಲೆಯ ಬಡೌತದಲ್ಲಿ, ಆದಿನಾಥ ಭಗವಾನರ ನಿರ್ವಾಣ ಲಡ್ಡು ಉತ್ಸವದ ದಿನ, ಮಾನಸ್ತಂಭದ ಬಳಿ ಕಟ್ಟಿದ ಮರದ ಅಟ್ಟಣಿಗೆ ಕುಸಿದು ನಮ್ಮವರೇ ಏಳು ಜನ ಅಸುನೀಗಿದರು, ಅನೇಕರು ಗಾಯಗೊಂಡರು. ಅಭಿಷೇಕಕ್ಕೆಂದು ಕಲಶ ಹಿಡಿದು ಏರುವ ಶ್ರಾವಕನಿಗೆ ಕಾಲಡಿಯ ಹಲಗೆಯ ಚಿಂತೆ ಇರಕೂಡದು. ಆ ಚಿಂತೆಯನ್ನು ಅವನ ಪರವಾಗಿ ಮೊದಲೇ ಮಾಡಿದವನೊಬ್ಬ ಇರಬೇಕು. ಒಂದು ದಿನದ ಅಟ್ಟಣಿಗೆಗೂ ಎಂಜಿನಿಯರನ ಲೆಕ್ಕ, ಎಂಜಿನಿಯರನ ಸಹಿ ಬೇಕೆಂದು ನಾನು ಈ ಸಭೆಯಲ್ಲಿ ಸ್ಪಷ್ಟವಾಗಿ ಕೇಳಿಕೊಳ್ಳುತ್ತೇನೆ.

ಅಹಿಂಸೆಯ ಮಾತು

ಮಹನೀಯರೆ, ನಾವು ನೀರನ್ನು ಸೋಸಿ ಕುಡಿಯುವ ಜನ. ರಾತ್ರಿ ದೀಪಕ್ಕೆ ಬೀಳುವ ಹುಳುವನ್ನೂ ನೆನೆಯುವ ಜನ. ಹಿಂಸೆಯ ಮೂಲವು ಪ್ರಮಾದದಲ್ಲಿದೆ ಎಂದು ತತ್ತ್ವಾರ್ಥಸೂತ್ರಕಾರರು ಬೋಧಿಸಿದ್ದಾರೆ. ಕೊಲ್ಲಬೇಕೆಂಬ ಇಚ್ಛೆ ಇಲ್ಲದಿದ್ದರೂ ಎಚ್ಚರ ತಪ್ಪಿ ನಡೆದರೆ ದೋಷ ತಪ್ಪುವುದಿಲ್ಲ. ಆ ಮದುವೆಯ ರಾತ್ರಿ ನನಗೆ ನೆನಪಾದುದು ಇದೇ ಮಾತು. ಠರಾವು ಬರೆಯುವಾಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಎಚ್ಚರವೂ ಇರಲಿಲ್ಲ. ದಾನದ ಹಣ ಉಳಿಸಿದೆನೆಂದು ಹಿಗ್ಗುತ್ತಿದ್ದ ನಾನು ಒಂದು ಕೂಸಿನ ಪ್ರಾಣವನ್ನು ಒಂದು ಮೊಳದ ಅಂತರದಲ್ಲಿ ಪಣಕ್ಕಿಟ್ಟಿದ್ದೆ.

ನಮ್ಮ ಹಳೆಯ ಶಾಸನಗಳಲ್ಲಿ ದಾನಿಯ ಹೆಸರಿನೊಡನೆ, ಕೊನೆಗೆ, ಕಲ್ಲನ್ನು ಕಂಡರಿಸಿದವನ ಹೆಸರೂ ಅನೇಕ ಕಡೆ ಉಂಟು. ಹೊಸ ಭವನದ ಅಮೃತಶಿಲೆಯ ಫಲಕದಲ್ಲಿ ದಾನಿಗಳ ಹೆಸರುಗಳ ಕೆಳಗೆ ಲೆಕ್ಕ ಹಾಕಿದ ಎಂಜಿನಿಯರನ ಹೆಸರನ್ನೂ ಕಟ್ಟಿದ ಗವಂಡಿಯ ಹೆಸರನ್ನೂ ಕೆತ್ತಿಸಬೇಕೆಂದು ನನ್ನ ಸೂಚನೆ. ಅದು ಗೌರವವೂ ಹೌದು, ಹೊಣೆಯೂ ಹೌದು. ಮಣ್ಣಿನ ವರದಿ, ಲೆಕ್ಕದ ಪುಸ್ತಕ, ಸಳಿಯ ನಕ್ಷೆಗಳ ಒಂದು ಪ್ರತಿಯನ್ನು ಆಸ್ತಿಪತ್ರಗಳೊಡನೆ ಸಮಾಜದ ತಿಜೋರಿಯಲ್ಲಿಡಿರಿ. ಐವತ್ತು ವರ್ಷಗಳ ನಂತರ ಒಂದು ಗೋಡೆ ಒಡೆಯಬೇಕಾದಾಗ ನಮ್ಮ ಮೊಮ್ಮಕ್ಕಳಿಗೆ ಅದೇ ಶಾಸನ.

ಕೊನೆಯದಾಗಿ, ಹೊಸ ಕಟ್ಟಡ ಸಮಿತಿಯ ಠರಾವು ಪುಸ್ತಕದ ಮೊದಲ ಪುಟ ಇನ್ನೂ ಖಾಲಿಯಿದೆ ಎಂದು ಕಾರ್ಯದರ್ಶಿಗಳು ನನಗೆ ಹೇಳಿದರು. ಭೂಮಿಪೂಜೆಯ ಮುಹೂರ್ತವನ್ನು ಬರೆಯುವ ಮುನ್ನ ಆ ಪುಟದಲ್ಲಿ, ಮಣ್ಣಿನ ಪರೀಕ್ಷೆ ಮಾಡಿಸತಕ್ಕದ್ದು, ಸಮಿತಿಯೇ ಸ್ಟ್ರಕ್ಚರಲ್ ಎಂಜಿನಿಯರನನ್ನು ನೇಮಿಸತಕ್ಕದ್ದು ಎಂದು ಬರೆಯಿರಿ. ಅನುಮೋದಕರ ಸಾಲಿನಲ್ಲಿ ಈ ವೃದ್ಧನ ಸಹಿಗೂ ಸ್ವಲ್ಪ ಜಾಗ ಬಿಡಿರಿ. ಹಳೆಯ ಪುಸ್ತಕದಲ್ಲಿರುವ ನನ್ನ ಸಹಿಯನ್ನು ಅಳಿಸಲು ಬರುವುದಿಲ್ಲ. ಅದರ ಪಕ್ಕಕ್ಕೆ ಇದೊಂದಾದರೂ ಇರಲಿ.